ಧಾರವಾಡದ ಶಾಲಿಗೆ ಎರಡು ಬಸ್ಸು: ಡೀಸೆಲ್ಲೋ, ಸಿಎನ್‌ಜಿಯೋ, ಕರೆಂಟಿಂದೋ? ಬಾಡಿ ಹೆಂಗಿರಬೇಕು?

ಶಾಲಾಗಾಡಿ_ಧಾರವಾಡ ಕೇಳಿದ್ದು:

ಎಲ್ಲಾರಿಗೂ ನಮಸ್ಕಾರ್ರಿ. ಜೂನ್‌ನ್ಯಾಗ ಶಾಲಿ ಶುರು ಆಗೂದರೊಳಗ ಎರಡು ಹೊಸಾ ಬಸ್ ತಗೋಬೇಕಾಗೈತಿ. ಎರಡೂ ರಾತ್ರಿ ಶಾಲಿ ಅಂಗಳದಾಗ ನಿಲ್ಲತಾವ.

ಮೊದಲನೇದು ಊರಿನ ರೂಟು. ಹುಬ್ಬಳ್ಳಿ ವಿದ್ಯಾನಗರ, ಉಣಕಲ್, ನವನಗರ, ರಾಯಾಪುರ ಹಿಡಕೊಂಡು ಧಾರವಾಡ. ಒಂದು ಬಾಜು 17 ಕಿ.ಮೀ., 14 ಸ್ಟಾಪು. ಮುಂಜಾನೆ ಖಾಲಿ ಹೋಗಿ ತುಂಬಿಕೊಂಡು ಬರೂದು, ಸಂಜಿಕಿ ಬಿಟ್ಟು ಖಾಲಿ ಬರೂದು, ಅಂದ್ರ ದಿನಕ್ಕ ಸುಮಾರು 70 ಕಿ.ಮೀ. 40 ಸೀಟು ಬೇಕು.

ಎರಡನೇದು ಹಳ್ಳಿ ರೂಟು. ಅಮ್ಮಿನಭಾವಿ, ಮರೇವಾಡ, ಉಪ್ಪಿನ ಬೆಟಗೇರಿ ಕಡೆ. ಒಂದು ಬಾಜು 26 ಕಿ.ಮೀ., ದಿನಕ್ಕ 104. ಸ್ಟಾಪು ಕಡಿಮಿ, ಆದ್ರ ಎರಿ (ಕಪ್ಪು ಮಣ್ಣಿನ) ಹೊಲದ ನಡುವಿನ ರಸ್ತೆ, ಮಳಿಗಾಲದಾಗ ರಾಡಿ, ಬ್ಯಾಸಗಿಗೆ ಧೂಳು. 32 ಸೀಟು ಸಾಕು.

ಮುಂಜಾನೆ 9ರಿಂದ ಮಧ್ಯಾಹ್ನ ಮೂರೂವರಿ ತನಕ ಎರಡೂ ಗಾಡಿ ಸುಮ್ಮನ ನಿಂತಿರತಾವ. ಕಮಿಟಿಯೊಳಗ ಒಬ್ಬರು ಎರಡೂ ಡೀಸೆಲ್ ಅಂತಾರ, ಇನ್ನೊಬ್ಬರು ಎರಡೂ ಕರೆಂಟಿಂದು ಅಂತಾರ. ಡೀಲರ್ ಹೇಳೂದು ಬಿಟ್ಟು, ಕೆಲಸ ಗೊತ್ತಿದ್ದವರು ಲೆಕ್ಕಾ ಹಾಕಿ ಹೇಳ್ರಿ. ಬಾಡಿಯೊಳಗ ಏನೇನು ನೋಡಬೇಕು ಅನ್ನೂದೂ ಬೇಕು.

---

ಪಾನಾ_ಹುಬ್ಬಳ್ಳಿ:

ಸರ, ಎರಡೂ ಗಾಡಿಗಿ ಒಂದ ಇಂಧನ ಅಂತ ಹಟ ಹಿಡೀಬ್ಯಾಡ್ರಿ. ನಿಮ್ಮ ಎರಡು ರೂಟಿನ ಗುಣಾ ಬ್ಯಾರೆ ಬ್ಯಾರೆ ಐತಿ. ನಾ ಡೀಸೆಲ್ ಬಾಜೂದಷ್ಟ ಹೇಳತೇನಿ.

ಏಪ್ರಿಲ್ 2020ರ ನಂತರ ಬಂದ ಗಾಡಿ ಎಲ್ಲಾ ಬಿಎಸ್-6, ಅಂದ್ರ ಹೊಗಿ ಮಿತಿಯ ಹೊಸಾ ನಿಯಮದ ಗಾಡಿ. ಹಳೇ ಗಾಡಿಯೊಳಗ ಹೊಗಿ ಸೀದಾ ಹೊರಗ ಹೋಗತಿತ್ತು. ಈಗ ಸೈಲೆನ್ಸರ್ ಜಾಗಾದಾಗ ಒಂದು ಸಣ್ಣ ಕಾರ್ಖಾನೇನ ಐತಿ. ಮದ್ಲ ಸುಡದ ಇಂಧನ ಸುಡೂ ಡಿಒಸಿ, ಆಮ್ಯಾಲೆ ಮಸಿ ಹಿಡಿಯೂ ಡಿಪಿಎಫ್ ಜಾಳಿಗಿ, ಅದರ ಹಿಂದ ನೈಟ್ರೋಜನ್ ಆಕ್ಸೈಡ್ (ನಾಕ್ಸ್) ಕಡಿಮಿ ಮಾಡೂ ಎಸ್‌ಸಿಆರ್. ಎಸ್‌ಸಿಆರ್‌ಗೆ ಡಿಇಎಫ್ ಅನ್ನೂ ಯೂರಿಯಾ ನೀರು ಬೇಕು. ಈ ಡಿಪಿಎಫ್‌ನ್ಯಾಗ ಕೂತ ಮಸಿ ಸುಟ್ಟು ಹೋಗಬೇಕಂದ್ರ ಹೊಗಿ ಕಾದಿರಬೇಕು. ಗಾಡಿ ಲೋಡಿನ ಮ್ಯಾಲ ಒಂದೇ ಸವನ ಓಡಿದ್ರ 250ರಿಂದ 400 ಡಿಗ್ರಿ ಬರತೈತಿ, ಮಸಿ ತಾನ ನಿಧಾನಕ್ಕ ಕರಗತೈತಿ. ಅದು ಆಗಲಿಲ್ಲಂದ್ರ ಇಂಜಿನ್ನಿನ ಕಂಪ್ಯೂಟರು ಹೆಚ್ಚಿಗಿ ಡೀಸೆಲ್ ಹಾಕಿ 600 ಡಿಗ್ರಿ ಹತ್ತಿರ ಏರಿಸಿ ಸುಡತೈತಿ. ಅದಕ್ಕ ರೀಜನರೇಶನ್ ಅಂತಾರ.

ಈಗ ನಿಮ್ಮ ಊರಿನ ರೂಟು ನೋಡ್ರಿ. ಸರಾಸರಿ 1.2 ಕಿ.ಮೀ.ಗೆ ಒಂದು ಸ್ಟಾಪು. ಮ್ಯಾಲ ಶಾಲಾ ಬಸ್ಸಿಗೆ 40ರ ಸ್ಪೀಡ್ ಗವರ್ನರ್. ಸಣ್ಣ ಮಕ್ಕಳು ಅಂದ್ರ ಲೋಡೂ ಹಗೂರ. ಅರ್ಧಾ ದೂರ ಖಾಲಿ ಓಟ. ಹೊಗಿ ಕಾಯೂದ ಇಲ್ಲ. ರೀಜನರೇಶನ್ ಶುರು ಆಗೂದರೊಳಗ ಶಾಲಿ ಬಂತು, ಕೀ ತಗದ್ರು, ಅರ್ಧಕ್ಕ ನಿಂತಿತು. ಹತ್ತು ದಿನ ಹಿಂಗ ನಡೆದ್ರ ಡ್ಯಾಶ್‌ಬೋರ್ಡ್ ಮ್ಯಾಲ ಹಳದಿ ದೀಪ. ಅದನ್ನ ನೋಡಿ ಸುಮ್ಮನಿದ್ರ ಪಿಕಪ್ ಬೀಳತೈತಿ, ಆಮ್ಯಾಲೆ ಗಾಡಿ ತೆವಳತೈತಿ. ಅಲ್ಲಿ ತನಕ ಬಿಟ್ರ ಡಿಪಿಎಫ್ ಬಿಚ್ಚಿ ತೊಳಿಸಬೇಕು, ಇಲ್ಲಾ ಹೊಸಾದು. ಸಣ್ಣ ಖರ್ಚಲ್ಲ.

ಹಳ್ಳಿ ರೂಟಿನ್ಯಾಗ ಒಂದು ತಾಸು ಹತ್ತಿರ ಒಂದೇ ಸವನ ಓಟ ಐತಿ. ಅಲ್ಲಿ ಡೀಸೆಲ್ ಬರೋಬ್ಬರಿ. ಸಾಮಾನು ಎಲ್ಲಾ ಕಡೆ ಸಿಗತೈತಿ, ಮೆಕ್ಯಾನಿಕ್ಕೂ ಸಿಗತಾರ. ಖರೇ ಹೇಳಬೇಕಂದ್ರ ಅಲ್ಲಿನೂ ಕೆಲವು ಶಿಸ್ತು ಬೇಕು:

ಹಳದಿ ದೀಪ ಬಂದ ದಿನಾನ ನಿಂತಲ್ಲೆ ರೀಜನ್ ಮಾಡ್ರಿ. ಸ್ವಿಚ್ ಒತ್ತಿ 20ರಿಂದ 40 ನಿಮಿಷ ಇಂಜಿನ್ ಚಾಲೂ ಬಿಡಬೇಕು, ನಡುವ ಬಂದ್ ಮಾಡಬಾರದು. ಆ ಹೊತ್ತಿನ್ಯಾಗ ಸೈಲೆನ್ಸರ್ ಬಾಯಿ ಕೆಂಡದಂಗಿರತೈತಿ. ಕಣಕಿ, ಹೊಟ್ಟು, ಒಣಗಿದ ಹುಲ್ಲು ಇದ್ದಲ್ಲಿ, ಬಣವಿ ಬಾಜು ಗಾಡಿ ನಿಂದರಸಬ್ಯಾಡ್ರಿ. ಮಕ್ಕಳು ಗಾಡಿಯೊಳಗ ಇದ್ದಾಗಂತೂ ಬ್ಯಾಡೇ ಬ್ಯಾಡ.

ವಾರಕ್ಕೊಮ್ಮೆ ಡಿಪ್‌ಸ್ಟಿಕ್ ತಗದು ನೋಡ್ರಿ. ಎಣ್ಣಿ ಕಡಿಮಿ ಆಗೂದು ಎಲ್ಲಾರಿಗೂ ಗೊತ್ತು. ಬಿಎಸ್-6ನ್ಯಾಗ ಎಣ್ಣಿ ಏರೂದೂ ಐತಿ. ರೀಜನ್ ಪದೇ ಪದೇ ಅರ್ಧಕ್ಕ ನಿಂತ್ರ, ಸುಡಲಿಕ್ಕೆ ಹಾಕಿದ ಡೀಸೆಲ್ ಸಿಲಿಂಡರ್ ಗೋಡಿ ಹಿಡಕೊಂಡು ಕೆಳಗಿಳದು ಎಣ್ಣಿಗೆ ಕೂಡತೈತಿ. ಮ್ಯಾಲಿನ ಗೀಟು ದಾಟಿತಂದ್ರ ಎಣ್ಣಿ ತೆಳ್ಳಗಾಗೇತಿ ಅಂತ ಅರ್ಥ, ಬೇರಿಂಗ್ ಹೋಗತಾವ. ಕಿ.ಮೀ. ಮುಗಿದಿಲ್ಲ ಅಂತ ಕಾಯದ ಬದಲಿ ಮಾಡ್ರಿ. ಕಡಿಮಿ ಬೂದಿಯ ಎಣ್ಣಿನ ಹಾಕಬೇಕು, ಕಂಪನಿ ಪುಸ್ತಕದಾಗ ಯಾವ ದರ್ಜೆ ಬರದೈತೋ ಅದ. ಹಳೇ ಗಾಡಿಯ ಡಬ್ಬಿ ಉಳದೈತಿ ಅಂತ ಸುರವಿದ್ರ ಅದರ ಬೂದಿ ಡಿಪಿಎಫ್‌ನ್ಯಾಗ ಕೂರತೈತಿ. ಮಸಿ ಸುಡತೈತಿ, ಬೂದಿ ಸುಡೂದಿಲ್ಲ.

ಎರಿ ನಾಡಿನ ಧೂಳು ಹಿಟ್ಟಿನಂಗ ಇರತೈತಿ. ಸುಗ್ಗಿ ಟೈಮಿನ್ಯಾಗ ಏರ್ ಫಿಲ್ಟರ್ ಮ್ಯಾಲಿನ ಇಂಡಿಕೇಟರ್ ಕೆಂಪಾಗೇತೇನು ದಿನಾ ನೋಡ್ರಿ. ಒಳಗಿನ ಸಣ್ಣ ಫಿಲ್ಟರ್ ಗಾಳಿ ಹೊಡದು ಮತ್ತ ಹಾಕೂದಲ್ಲ, ಬದಲಿ ಮಾಡೂದು. ಗಾಳಿ ಸಾಲದ್ರ ಮಸಿ ಹೆಚ್ಚು, ಮಸಿ ಹೆಚ್ಚಾದ್ರ ಮತ್ತ ಡಿಪಿಎಫ್. ಎಲ್ಲಾ ಒಂದಕ್ಕೊಂದು ಗಂಟು ಬಿದ್ದೈತಿ. ಇನ್ನ ವಾಟರ್ ವಾಶ್ ಮಾಡಿಸುವಾಗ ನಾಕ್ಸ್ ಸೆನ್ಸರಿಗೆ, ಅದರ ವೈರಿಂಗಿಗೆ ಪ್ರೆಶರ್ ನೀರು ಬಡೀಬಾರದು.

---

ಮೀಟರ್‌ಮನೆ:

ಊರಿನ ರೂಟಿಗೆ ವಿದ್ಯುತ್ ಬಸ್ಸಿನ ಲೆಕ್ಕ ಹಾಕಿ ಕೊಡುತ್ತೇನೆ. ದರಗಳನ್ನು ಲೆಕ್ಕಕ್ಕಾಗಿ ಹಿಡಿದಿದ್ದೇನೆ. ನೀವು ತೆಗೆದುಕೊಳ್ಳುವ ದಿನದ ದರ ಹಾಕಿ ತಿದ್ದಿಕೊಳ್ಳಿ.

ದಿನಕ್ಕೆ 70 ಕಿ.ಮೀ., ವರ್ಷಕ್ಕೆ 220 ದಿನ ಎಂದರೆ 15,400 ಕಿ.ಮೀ. ಡೀಸೆಲ್ ಬಸ್ಸು ಊರೊಳಗೆ ಲೀಟರಿಗೆ 6 ಕಿ.ಮೀ. ಕೊಟ್ಟರೆ, ಲೀಟರಿಗೆ 90 ರೂಪಾಯಿಯಂತೆ ಕಿ.ಮೀ.ಗೆ 15 ರೂಪಾಯಿ. ಡೀಸೆಲ್ಲಿನ ಶೇ. 5ರಷ್ಟು ಡಿಇಎಫ್ ಹಿಡಿದರೆ ಇನ್ನೊಂದು 50 ಪೈಸೆ. ಒಟ್ಟು 15.50. ಒಂಬತ್ತು ಮೀಟರಿನ ವಿದ್ಯುತ್ ಬಸ್ಸು ಇಂಥ ರೂಟಿನಲ್ಲಿ ಕಿ.ಮೀ.ಗೆ ಸುಮಾರು 0.8 ಯುನಿಟ್ ತಿನ್ನುತ್ತದೆ. ಚಾರ್ಜರ್, ಬ್ಯಾಟರಿಗಳಲ್ಲಿ ಶೇ. 10 ನಷ್ಟ ಸೇರಿಸಿದರೆ ಮೀಟರಿನಲ್ಲಿ 0.89. ಯುನಿಟ್ಟಿಗೆ 7 ರೂಪಾಯಿಯಂತೆ 6.20. ವ್ಯತ್ಯಾಸ 9.30. ವರ್ಷಕ್ಕೆ ಹೆಚ್ಚುಕಡಿಮೆ 1.43 ಲಕ್ಷ.

ಇಲ್ಲೇ ಬಹಳ ಶಾಲೆಗಳು ಎಡವುವುದು. ಕಿ.ಮೀ.ಗೆ 9 ರೂಪಾಯಿ ಉಳಿತಾಯ ಎಂದರೆ ದೊಡ್ಡದಾಗಿ ಕೇಳಿಸುತ್ತದೆ. ಆದರೆ ವಿದ್ಯುತ್ ಬಸ್ಸಿನಲ್ಲಿ ಉಳಿತಾಯ ಬರುವುದು ಓಡಿದಷ್ಟಕ್ಕೆ ಮಾತ್ರ. ದಿನಕ್ಕೆ 200 ಕಿ.ಮೀ. ಓಡುವ ನಗರ ಸಾರಿಗೆಯ ಬಸ್ಸಿಗೆ ಕೂಡಿಬರುವ ಗಣಿತ, 70 ಕಿ.ಮೀ. ಓಡಿ ಎರಡು ತಿಂಗಳು ರಜೆ ಮಲಗುವ ಶಾಲಾ ಬಸ್ಸಿಗೆ ತಾನಾಗಿ ಕೂಡಿಬರುವುದಿಲ್ಲ. ಕೊಟೇಶನ್ ಎರಡನ್ನೂ ಎದುರಿಟ್ಟು, ಬೆಲೆಯ ವ್ಯತ್ಯಾಸಕ್ಕೆ ಚಾರ್ಜರ್ ಮತ್ತು ವಿದ್ಯುತ್ ಸಂಪರ್ಕದ ಖರ್ಚು ಕೂಡಿಸಿ, 1.43 ಲಕ್ಷದಿಂದ ಭಾಗಿಸಿ. ಬಂದ ವರ್ಷಗಳು ಬ್ಯಾಟರಿಯ ವಾರಂಟಿಗಿಂತ ಹೆಚ್ಚಿದ್ದರೆ ಹಣದ ಲೆಕ್ಕದಲ್ಲಿ ಅದು ಗೆಲ್ಲುವುದಿಲ್ಲ. ಮಧ್ಯಾಹ್ನ ನಿಲ್ಲುವ ಆರು ತಾಸಿನಲ್ಲಿ ಶಾಲೆಯದೇ ಇನ್ನೊಂದು ಟ್ರಿಪ್ ಸೇರಿಸಲು ಬಂದರೆ, ಬೆಳಗಿನ ಪಾಳಿ ಮತ್ತು ಮಧ್ಯಾಹ್ನದ ಪಾಳಿ ಎರಡಕ್ಕೂ ಒಂದೇ ಬಸ್ಸು ಓಡಿಸಲು ಬಂದರೆ, ಚಿತ್ರ ಬದಲಾಗುತ್ತದೆ. ಮಕ್ಕಳ ಮೂಗಿನ ಮಟ್ಟದಲ್ಲಿ ಹೊಗೆ ಇಲ್ಲ ಎಂಬುದಕ್ಕೆ ಬೆಲೆ ಕಟ್ಟುವುದು ನಿಮ್ಮ ಕಮಿಟಿಗೆ ಬಿಟ್ಟದ್ದು. ನನ್ನ ಮಟ್ಟಿಗೆ ಅದು ಸಣ್ಣದಲ್ಲ.

ಬ್ಯಾಟರಿ ಎಷ್ಟು ಬೇಕು? 70 ಕಿ.ಮೀ.ಗೆ 56 ಯುನಿಟ್. ಎಸಿ ಇದ್ದರೆ ಮೂರು ತಾಸಿಗೆ ಇನ್ನೊಂದು 11. ಒಟ್ಟು 67. ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಬಾರದು, ಶೇ. 80 ಮಾತ್ರ ಬಳಕೆಗೆ ಹಿಡಿಯಿರಿ. ವರ್ಷಗಳು ಕಳೆದ ಮೇಲೆ ಅದರ ಸಾಮರ್ಥ್ಯ ಶೇ. 80ಕ್ಕೆ ಇಳಿದಾಗಲೂ ರೂಟು ಮುಗಿಯಬೇಕು. 67ನ್ನು 0.8ರಿಂದ ಎರಡು ಸಲ ಭಾಗಿಸಿದರೆ ಸುಮಾರು 105 ಯುನಿಟ್. ಮಧ್ಯಾಹ್ನ ಚಾರ್ಜ್ ಮಾಡುವುದು ಖಾತ್ರಿ ಇದ್ದರೆ ಇದರ ಮುಕ್ಕಾಲು ಸಾಕು. ಆದರೆ ಒಂದು ದಿನ ಕರೆಂಟು ಕೈಕೊಟ್ಟರೆ ಸಂಜೆ ಮಕ್ಕಳು ಶಾಲೆಯಲ್ಲೇ ಉಳಿಯುತ್ತಾರೆ. ದೊಡ್ಡದನ್ನೇ ಕೇಳಿ.

ಚಾರ್ಜರ್ 30 ಕಿಲೋವ್ಯಾಟಿನದು ಸಾಕು, ಎರಡೂವರೆ ತಾಸಿನೊಳಗೆ ದಿನದ ಬಳಕೆ ತುಂಬುತ್ತದೆ. ಅದು ಮೂರು ಫೇಸಿನಲ್ಲಿ ಪ್ರತಿ ಫೇಸಿಗೆ ಸುಮಾರು 45 ಆಂಪಿಯರ್ ಎಳೆಯುತ್ತದೆ. ಶಾಲೆಯ ಈಗಿನ ಮಂಜೂರಾದ ಲೋಡ್ ಎಷ್ಟಿದೆ ನೋಡಿ, ವಿದ್ಯುತ್ ಕಂಪನಿ ಹೆಸ್ಕಾಂಗೆ ಹೆಚ್ಚುವರಿ ಲೋಡಿನ ಅರ್ಜಿಯನ್ನು ಬಸ್ಸಿನ ಬುಕಿಂಗಿಗಿಂತ ಮೊದಲೇ ಕೊಡಿ. ಟ್ರಾನ್ಸ್‌ಫಾರ್ಮರಿನಲ್ಲಿ ಜಾಗವಿಲ್ಲ ಎಂದಾದರೆ ಆ ಕೆಲಸ ಜೂನ್‌ಗೆ ಮುಗಿಯುವುದಿಲ್ಲ, ಬಸ್ಸು ಬಂದು ಅಂಗಳದಲ್ಲಿ ಕೂರುತ್ತದೆ. ವಾಹನ ಚಾರ್ಜಿಂಗಿಗೆ ಪ್ರತ್ಯೇಕ ದರಪಟ್ಟಿ ಇದೆ, ಅದಕ್ಕೆ ಬೇರೆ ಮೀಟರು ಕೇಳಿ. ಶಾಲೆಯ ಮೀಟರಿಗೇ ಜೋಡಿಸಿದರೆ ಆ ದರ ಸಿಗದು. ಶಾಲೆ ಊರ ಹೊರಗಿದ್ದರೆ ನಿಮ್ಮ ಲೈನು ಮನೆಗಳಿಗೆ ದಿನವಿಡೀ ಕರೆಂಟು ಕೊಡುವ ನಿರಂತರ ಜ್ಯೋತಿ ಫೀಡರಿನದೋ ಪಂಪ್‌ಸೆಟ್ ಫೀಡರಿನದೋ ಎಂದು ಲೈನ್‌ಮನ್‌ನನ್ನು ಕೇಳಿ ತಿಳಿದುಕೊಳ್ಳಿ. ಪಂಪ್‌ಸೆಟ್ ಫೀಡರಿನಲ್ಲಿ ಮೂರು ಫೇಸ್ ದಿನದ ಕೆಲವೇ ತಾಸು ಇರುತ್ತದೆ.

ಇನ್ನೊಂದು ಮಾತು ನಮ್ಮ ಮಣ್ಣಿನದು. ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಚಾರ್ಜರಿನ ಕಟ್ಟೆಯನ್ನು ಎರಿ ಮೇಲೆ ಕಟ್ಟಿದರೆ ಎರಡನೇ ವರ್ಷಕ್ಕೆ ವಾಲುತ್ತದೆ, ಕೇಬಲ್ ಗ್ಲ್ಯಾಂಡು ಎಳೆದುಕೊಳ್ಳುತ್ತದೆ. ಗರಸು ಸಿಗುವ ತನಕ ಅಗೆದು ತುಂಬಿಸಿ. ಅರ್ಥಿಂಗ್ ಗುಂಡಿಯದ್ದೂ ಇದೇ ಕಥೆ. ಹಸಿ ಇದ್ದಾಗ ಓಮ್ ಚೆನ್ನಾಗಿ ಇಳಿಯುತ್ತದೆ, ಏಪ್ರಿಲ್‌ನಲ್ಲಿ ಮಣ್ಣು ಬಿರಿದು ಸರಳಿನಿಂದ ದೂರ ಸರಿಯುತ್ತದೆ, ಆಗ ಚಾರ್ಜರ್ ಅರ್ಥ್ ಫಾಲ್ಟ್ ತೋರಿಸಿ ಶುರುವೇ ಆಗುವುದಿಲ್ಲ. ಸರಳಿನ ಸುತ್ತ ತೇವ ಹಿಡಿದಿಡುವ ಬೆಂಟೊನೈಟ್ ಜೇಡಿ ತುಂಬಿಸಿ, ಅಳತೆಯನ್ನು ಮಳೆಗಾಲದಲ್ಲಲ್ಲ, ಮೇ ತಿಂಗಳಲ್ಲಿ ಮಾಡಿಸಿ.

ಮಧ್ಯಾಹ್ನ ನಿಲ್ಲುವ ಬಸ್ಸಿಗೆ ಛಾವಣಿಯ ಸೌರ ಫಲಕ ಹೇಳಿ ಮಾಡಿಸಿದ ಜೋಡಿ. ಒಂದು ಕಿಲೋವ್ಯಾಟು ನಮ್ಮ ಕಡೆ ದಿನಕ್ಕೆ ಸುಮಾರು 4 ಯುನಿಟ್ ಕೊಡುತ್ತದೆ, ಸುಮಾರು 100 ಚದರ ಅಡಿ ಬೇಡುತ್ತದೆ. ಎಸಿ ಇಲ್ಲದ ಬಸ್ಸಿಗೆ ಮೀಟರಿನಲ್ಲಿ ದಿನಕ್ಕೆ 62 ಯುನಿಟ್ ಬೇಕು, ಅಂದರೆ 15ರಿಂದ 16 ಕಿಲೋವ್ಯಾಟು.

---

ಕವಚ_32:

ಇಂಧನದ ಚರ್ಚೆ ಚೆನ್ನಾಗಿ ನಡೆದಿದೆ. ಬಾಡಿಯ ಬಗ್ಗೆ ನಾನು ಬರೆಯುತ್ತೇನೆ. ಮಗುವಿಗೆ ಪೆಟ್ಟಾಗುವುದು ಇಂಜಿನ್ನಿನಿಂದಲ್ಲ, ಮೆಟ್ಟಿಲಿನಿಂದ, ಬಾಗಿಲಿನಿಂದ, ಮುಂದಿನ ಸೀಟಿನ ಕಬ್ಬಿಣದಿಂದ. ಆದ್ದರಿಂದ ಹಣ ಮಿಗಿಸಬೇಕಾದರೆ ಬೇರೆಲ್ಲಾದರೂ ಮಿಗಿಸಿ.

ಮೊದಲು ಕಾಗದ. ಬಸ್ ಬಾಡಿಗೆ ಎಐಎಸ್-052 ಎಂಬ ಸಂಹಿತೆ ಇದೆ, ಶಾಲಾ ಬಸ್ಸಿಗೆ ಅದರ ಮೇಲೆ ಎಐಎಸ್-063. ಬಸ್ಸು ಪಲ್ಟಿಯಾದಾಗ ಚೌಕಟ್ಟು ತಡೆಯಬೇಕಾದ ಬಲಕ್ಕೆ ಎಐಎಸ್-031. ಕೊಟೇಶನ್ನಿನಲ್ಲಿ ಈ ಅಂಕಿಗಳು ಇರಲಿ. 2022ರ ಜನವರಿಯ ಕೇಂದ್ರ ಅಧಿಸೂಚನೆ ಶಾಲಾ ಬಸ್ಸಿನ ಪ್ರಯಾಣಿಕರ ಭಾಗಕ್ಕೂ ಬೆಂಕಿ ಎಚ್ಚರಿಕೆ ಮತ್ತು ರಕ್ಷಣಾ ವ್ಯವಸ್ಥೆ ಬೇಕೆಂದಿದೆ. ಇಂಜಿನ್ ಕೋಣೆಯದ್ದು ಬೇರೆ, ಒಳಗಿನದು ಬೇರೆ. ಎರಡೂ ಇದೆಯೇ ಎಂದು ಕೇಳಿ.

ಸೀಟು. ಇಲ್ಲಿ ಸ್ವಲ್ಪ ಅಮೆರಿಕದ ಮಾತು ಹೇಳಬೇಕು. ಅಲ್ಲಿ 1939ರಲ್ಲಿ ಫ್ರಾಂಕ್ ಸೈರ್ ಎಂಬ ಪ್ರಾಧ್ಯಾಪಕರು ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಸಭೆ ಕರೆದು ಶಾಲಾ ಬಸ್ಸಿನ ಅಳತೆಗಳನ್ನೂ ಹಳದಿ ಬಣ್ಣವನ್ನೂ ಗೊತ್ತು ಮಾಡಿದರು. ನಸುಕಿನ ಮಬ್ಬಿನಲ್ಲೂ ಹಳದಿಯ ಮೇಲೆ ಕಪ್ಪಕ್ಷರ ಕಾಣುತ್ತದೆ ಎಂಬುದು ಕಾರಣ. ಬಣ್ಣ ಎಲ್ಲರೂ ತೆಗೆದುಕೊಂಡೆವು. ಆದರೆ 1977ರಲ್ಲಿ ಅಲ್ಲಿ ಸೀಟಿನ ಬಗ್ಗೆ ಬಂದ ನಿಯಮ ನನಗೆ ಬಣ್ಣಕ್ಕಿಂತ ಮುಖ್ಯವಾಗಿ ಕಾಣುತ್ತದೆ: ಎತ್ತರದ ಬೆನ್ನು, ಹಿಂದೆ ಮುಂದೆ ಎರಡೂ ಕಡೆ ದಪ್ಪ ಮೆತ್ತೆ, ಸೀಟುಗಳು ಹತ್ತಿರ ಹತ್ತಿರ. ದೊಡ್ಡ ಬಸ್ಸು ಗುದ್ದಿದಾಗ ಮಗು ಮುಂದಿನ ಸೀಟಿನ ಮೆತ್ತೆಗೆ ಬಡಿದು ಅಲ್ಲೇ ನಿಲ್ಲುತ್ತದೆ, ಹಾರಿ ಹೋಗುವುದಿಲ್ಲ. ನಮ್ಮ ಕಡೆ ಕಡಿಮೆ ಬೆಲೆಯ ಬಾಡಿಯಲ್ಲಿ ಸೀಟಿನ ಬೆನ್ನಿನ ಮೇಲೆ ಬರಿಯ ಸ್ಟೀಲ್ ಪೈಪು ಇರುತ್ತದೆ. ಎರಡನೆಯ ಇಯತ್ತೆಯ ಮಗು ಕುಳಿತರೆ ಆ ಪೈಪು ಸರಿಯಾಗಿ ಹಲ್ಲಿನ ಮಟ್ಟಕ್ಕೆ ಬರುತ್ತದೆ. ಜೋರಾಗಿ ಬ್ರೇಕ್ ಹಾಕಿದರೂ ಸಾಕು. ಪೈಪಿಗೆ ಮೆತ್ತೆ ಸುತ್ತಿರಬೇಕು ಅಥವಾ ಪೂರ್ತಿ ಮುಚ್ಚಿದ ಎತ್ತರದ ಬೆನ್ನು ಇರಬೇಕು. ಬೆಲ್ಟ್ ಇದ್ದರೆ ಇನ್ನೂ ಒಳ್ಳೆಯದು, ಆದರೆ ಅದನ್ನು ಹಾಕಿಸುವ ಆಯಾ ಇದ್ದರೆ ಮಾತ್ರ ಅದು ಬೆಲ್ಟು.

ಕಿಟಕಿಗೆ ಅಡ್ಡ ಸರಳು ಬೇಕೆಂಬುದು ಹಳೆಯ ನಿಯಮ. ಕೈ, ತಲೆ ಹೊರಗೆ ಹಾಕಬಾರದೆಂದು. ಸರಳಿನ ನಡುವೆ ಸಣ್ಣ ಮಗುವಿನ ತಲೆ ತೂರಬಾರದು. ಅದೇ ಸರಳು ಬೆಂಕಿಯ ಹೊತ್ತಿನಲ್ಲಿ ಪಂಜರವಾಗುತ್ತದೆ. ಹಾಗಾಗಿ ತುರ್ತು ದಾರಿ ಎಂದು ಬರೆದ ಕಿಟಕಿಗೆ ಬೆಸುಗೆ ಹಾಕಿದ ಸರಳು ಇರಕೂಡದು, ಹಿಂದಿನ ತುರ್ತು ಬಾಗಿಲ ಮುಂದೆ ಹೆಚ್ಚುವರಿ ಸೀಟು ಕೂಡಿಸಿರಕೂಡದು. ಡೆಲಿವರಿಯ ದಿನ ಆ ಬಾಗಿಲನ್ನು ಒಳಗಿನಿಂದ ಒಬ್ಬ ಹತ್ತು ವರ್ಷದ ಮಗುವಿನ ಕೈಯಲ್ಲಿ ತೆಗೆಸಿ ನೋಡಿ. ದೊಡ್ಡವರಿಗೇ ತೆಗೆಯಲಾಗದಷ್ಟು ಬಿಗಿ ಹಿಡಿಕೆಗಳು ಬರುತ್ತವೆ.

ಬಾಗಿಲು ಡ್ರೈವರನ ಕಣ್ಣಿಗೆ ನೇರವಾಗಿ ಕಾಣಬೇಕು, ಅಂದರೆ ಮುಂದಿನ ಚಕ್ರಕ್ಕಿಂತ ಮುಂದೆ. ತೆರೆದಿರುವಾಗ ಗಾಡಿ ಮುಂದೆ ಹೋಗದಂಥ ಇಂಟರ್‌ಲಾಕ್ ಕೇಳಿ. ಗಾಳಿಯಿಂದ ಮುಚ್ಚುವ ಬಾಗಿಲಾದರೆ ಅಂಚಿನ ರಬ್ಬರ್ ಮೆತ್ತಗಿರಲಿ, ಪಾಟಿಚೀಲದ ಪಟ್ಟಿ ಸಿಕ್ಕರೆ ಬಾಗಿಲು ತಾನೇ ತೆರೆಯಬೇಕು. ಒಳಗೆ ಬಾಗಿಲ ಹತ್ತಿರದ ಹಿಡಿಕೆಯಲ್ಲಿ ಚೀಲದ ದಾರ ಸಿಕ್ಕಿಕೊಳ್ಳುವ ಸಂದು ಇದೆಯೇ ಎಂದು ಪರೀಕ್ಷಿಸಲು ಒಂದು ದಾರದ ತುದಿಗೆ ನಟ್ಟು ಕಟ್ಟಿ ಹಿಡಿಕೆಗುಂಟ ಎಳೆಯಿರಿ, ಎಲ್ಲೂ ಕಚ್ಚಬಾರದು. ಮೊದಲ ಮೆಟ್ಟಿಲು ಎತ್ತರವಾಗಿದ್ದರೆ ಸಣ್ಣವರು ಮೊಣಕಾಲೂರಿ ಹತ್ತುತ್ತಾರೆ. ಬಾಗಿಲ ಜೊತೆ ಹೊರಬರುವ ಮಡಚುವ ಮೆಟ್ಟಿಲು ಹಾಕಿಸಿ. ಹಳ್ಳಿ ರೂಟಿನಲ್ಲಿ ಎರಿ ರಾಡಿ ಅದರ ಹಿಂಜಿಗೆ ಕುಳಿತು ಗಟ್ಟಿಯಾಗುತ್ತದೆ, ಮಳೆಗಾಲದಲ್ಲಿ ದಿನಾ ತೊಳೆದು ಎಣ್ಣೆ ಬಿಡಬೇಕು. ನೆಲದ ಹಾಸು, ಮೆಟ್ಟಿಲ ಅಂಚು ಎರಡೂ ಗರಗರ ಮೇಲ್ಮೈಯದಿರಲಿ. ಒದ್ದೆ ಎರಿಯಂಥ ಜಾರು ಇನ್ನೊಂದಿಲ್ಲ.

ಕನ್ನಡಿ. ಡ್ರೈವರನಿಗೆ ಮುಂದಿನ ಬಂಪರಿಗೆ ಅಂಟಿ ನಿಂತ ಮಗು ಕಾಣುವುದಿಲ್ಲ, ಎಡಗಡೆ ಮುಂದಿನ ಚಕ್ರದ ಹತ್ತಿರವೂ ಕಾಣುವುದಿಲ್ಲ. ಇಳಿದ ಮಗು ಬಸ್ಸಿನ ಮುಂದಿನಿಂದ ರಸ್ತೆ ದಾಟುವುದು ಇದೇ ಜಾಗದಲ್ಲಿ. ಎಡ ಮೂಲೆಯಲ್ಲಿ ಉಬ್ಬು ಕನ್ನಡಿ ಹಾಕಿಸಿ, ಡ್ರೈವರನನ್ನು ಸೀಟಿನಲ್ಲಿ ಕೂರಿಸಿ, ಮೂರಡಿಯ ಕೋಲನ್ನು ಬಂಪರಿನ ಮುಂದೆ ನಿಲ್ಲಿಸಿ ತುದಿ ಕಾಣುವ ತನಕ ಕನ್ನಡಿ ತಿರುಗಿಸಿ.

ಉದ್ದದ ವಿಷಯ: ಹಿಂದಿನ ಚಕ್ರದಿಂದ ಆಚೆಗಿನ ಭಾಗ ವೀಲ್‌ಬೇಸಿನ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರದ) ಶೇ. 60 ಮೀರುವಂತಿಲ್ಲ ಎಂಬುದು ಕೇಂದ್ರ ಮೋಟಾರು ವಾಹನ ನಿಯಮ. ಹಳ್ಳಿ ರೂಟಿಗೆ ಅದಕ್ಕಿಂತಲೂ ಕಡಿಮೆ ಇರುವುದನ್ನೇ ಆರಿಸಿ. ಹಳ್ಳದ ಇಳಿಜಾರು ದಾಟುವಾಗ ಹಿಂಭಾಗ ನೆಲಕ್ಕೆ ಉಜ್ಜುತ್ತದೆ, ಓಣಿಯಲ್ಲಿ ತಿರುಗುವಾಗ ಹಿಂದಿನ ಮೂಲೆ ಕಟ್ಟೆಗೆ ಬಡಿಯುತ್ತದೆ.

---

ಶಾಲಾಗಾಡಿ_ಧಾರವಾಡ:

ಭಾಳ ಉಪಕಾರ ಆತ್ರಿ ಎಲ್ಲಾರದೂ. ಎರಡು ಸಂಶೇ ಉಳದಾವ. ಚಾಸಿ ತಗೊಂಡು ಇಲ್ಲೇ ಬಾಡಿ ಕಟ್ಟಿಸಿದ್ರ ಅಗ್ಗ ಆಗತೈತಿ ಅಂತಾರಲ್ಲ, ಖರೇನ್ರಿ? ಮತ್ತ ಸಿಎನ್‌ಜಿ ಬಗ್ಗೆ ಯಾರೂ ಏನೂ ಅನ್ನಲಿಲ್ಲ.

---

ಕವಚ_32:

ಚಾಸಿ ಮೇಲೆ ಕಟ್ಟುವವರಲ್ಲೂ ಒಳ್ಳೆಯ ಕೆಲಸಗಾರರಿದ್ದಾರೆ. ಆದರೆ ಕಟ್ಟುವವರಿಗೆ ಬಸ್ ಬಾಡಿ ಸಂಹಿತೆಯ ಮಾನ್ಯತೆ ಇರಬೇಕು, ಅವರು ಕಟ್ಟುವ ಆ ಮಾದರಿಗೇ ಟೈಪ್ ಅಪ್ರೂವಲ್ (ಮಾದರಿ ಪರೀಕ್ಷೆಯ ಒಪ್ಪಿಗೆ) ಇರಬೇಕು. ಬೇರೆ ಸೀಟಿನ, ಬೇರೆ ಉದ್ದದ ಮಾದರಿಯ ಪ್ರಮಾಣಪತ್ರ ತೋರಿಸಿದರೆ ಒಪ್ಪಬೇಡಿ, ನೋಂದಣಿಯಲ್ಲಿ ಸಿಕ್ಕಿಬೀಳುವವರು ನೀವು. ಅಗ್ಗ ಎಲ್ಲಿಂದ ಬರುತ್ತದೆ ಎಂದು ನೋಡಿ: ಪೈಪಿನ ದಪ್ಪದಿಂದ, ಒಳಬದಿಯ ತುಕ್ಕು ಲೇಪದಿಂದ, ವೈರಿಂಗಿನಿಂದ. ಮೂರೂ ತಗಡು ಮುಚ್ಚಿದ ಮೇಲೆ ಕಾಣುವುದಿಲ್ಲ. ಕಟ್ಟಿಸುವುದೇ ಆದರೆ ತಗಡು ಹೊದಿಸುವ ಮೊದಲು ಒಮ್ಮೆ ಹೋಗಿ ಬೆಸುಗೆಗಳನ್ನು ನೋಡುವ ಷರತ್ತು ಹಾಕಿ. ಪೂರ್ತಿ ತಯಾರಾದ ಬಸ್ಸು ನಮ್ಮೂರಲ್ಲೇ ಹುಟ್ಟುತ್ತದೆ. ಟಾಟಾ ಮಾರ್ಕೊಪೋಲೋ ಎಂದು ಶುರುವಾಗಿ ಈಗ ಟಾಟಾ ಮೋಟಾರ್ಸ್ ಬಾಡಿ ಸೊಲ್ಯೂಷನ್ಸ್ ಆಗಿರುವ ಕಾರ್ಖಾನೆ ಧಾರವಾಡದ್ದೇ. ಹಾಗೆಂದು ಅದನ್ನೇ ಕೊಳ್ಳಿ ಎನ್ನುತ್ತಿಲ್ಲ. ಕಂಪನಿ ಬಾಡಿಯಾದರೆ ಚಾಸಿಗೂ ಬಾಡಿಗೂ ವಾರಂಟಿ ಕೊಡುವವರು ಒಬ್ಬರೇ ಆಗುತ್ತಾರೆ. ಸೋರಿದರೆ, ಬಿರುಕು ಬಿಟ್ಟರೆ ಇಬ್ಬರ ನಡುವೆ ಓಡಾಡುವುದು ತಪ್ಪುತ್ತದೆ.

ವೈರಿಂಗ್ ಎಂದೆನಲ್ಲ, ಅದಕ್ಕೆ ಒಂದು ಸಾಲು ಸೇರಿಸುತ್ತೇನೆ. ಬಸ್ಸು ಬಂದ ಮೇಲೆ ಕ್ಯಾಮೆರಾ, ಜಿಪಿಎಸ್, ಸ್ಪೀಕರು ಎಂದು ಹೊರಗಿನವರಿಂದ ಹಾಕಿಸುತ್ತಾರೆ. ಅವರು ಹತ್ತಿರದ ವೈರು ಕೆತ್ತಿ ಟೇಪು ಸುತ್ತಿ ಹೋಗುತ್ತಾರೆ, ಫ್ಯೂಸು ಇರುವುದಿಲ್ಲ. ಧೂಳು, ಕಂಪನ, ಮೂರು ವರ್ಷ ಸಾಕು ಅದು ಬೆಂಕಿಯಾಗಲು. ಬೇಕಾದದ್ದೆಲ್ಲ ಆರ್ಡರಿನಲ್ಲೇ ಬರೆಸಿ, ಪ್ರತಿಯೊಂದಕ್ಕೂ ಬೇರೆ ಫ್ಯೂಸು ಕೇಳಿ.

---

ಗ್ಯಾಸ್_ಪಾಯಿಂಟ್:

ಸಿಎನ್‌ಜಿ ನಿಮ್ಮ ಊರಿನ ರೂಟಿಗೆ ಹೊಂದುತ್ತದೆ. ಡಿಪಿಎಫ್ ಇಲ್ಲ, ಡಿಇಎಫ್ ಇಲ್ಲ, ನಿಂತು ನಿಂತು ಓಡಿದರೂ ತಕರಾರಿಲ್ಲ. ಅದೇ ಬಸ್ಸು ಕಿಲೋಗೆ ಆರೂವರೆ ಕಿ.ಮೀ. ಕೊಟ್ಟು, ಕಿಲೋ 85 ರೂಪಾಯಿ ಆದರೆ ಕಿ.ಮೀ.ಗೆ 13 ರೂಪಾಯಿ ಚಿಲ್ಲರೆ. ಮೇಲಿನ ಲೆಕ್ಕದ ಡೀಸೆಲ್ಲಿಗಿಂತ ವರ್ಷಕ್ಕೆ ಹತ್ತಿರ ಹತ್ತಿರ 37,000 ಉಳಿಯುತ್ತದೆ. ದೊಡ್ಡ ಮೊತ್ತವಲ್ಲ, ಗಾಡಿಯ ಬೆಲೆಯಲ್ಲಿನ ವ್ಯತ್ಯಾಸವೂ ವಿದ್ಯುತ್ತಿನಷ್ಟಿಲ್ಲ.

ಪಂಪು ರೂಟಿನ ಮೇಲೇ ಇರಬೇಕು, ಅದೇ ಮುಖ್ಯ. ಪೈಪ್‌ಲೈನಿನ ಪಂಪೋ, ಲಾರಿಯಲ್ಲಿ ಗ್ಯಾಸ್ ತಂದು ತುಂಬುವ ಪಂಪೋ ಎಂದು ಕೇಳಿ. ಎರಡನೆಯದರಲ್ಲಿ ಸಂಜೆ ಹೊತ್ತಿಗೆ ಒತ್ತಡ ಇಳಿದಿರುತ್ತದೆ. 200 ಬಾರ್ ಬದಲು 150ಕ್ಕೆ ನಿಂತರೆ ಸಿಲಿಂಡರಿನ ಕಾಲು ಭಾಗ ಖಾಲಿಯೇ ಉಳಿದಂತೆ. ಮಕ್ಕಳನ್ನು ಕೂರಿಸಿಕೊಂಡು ತುಂಬಿಸಬೇಡಿ, ಮಧ್ಯಾಹ್ನದ ಬಿಡುವಿನಲ್ಲಿ ಹೋಗಿ. ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ) ಕಡ್ಡಾಯ. ಅದಕ್ಕೆ ಸಿಲಿಂಡರ್ ಇಳಿಸಬೇಕು, ಬೇಸಿಗೆ ರಜೆಗೇ ಇಟ್ಟುಕೊಳ್ಳಿ. ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್ ಹೊತ್ತಿಗೆ ಸರಿಯಾಗಿ ಬದಲಿಸಿ. ಮಿಸ್‌ಫೈರ್ ಆದರೆ ಸುಡದ ಗ್ಯಾಸು ಹೊಗೆ ಶುದ್ಧ ಮಾಡುವ ಕ್ಯಾಟಲಿಸ್ಟಿಗೆ ಹೋಗಿ ಅದನ್ನು ಕರಗಿಸುತ್ತದೆ. ನಿಲ್ಲಿಸುವ ಶೆಡ್ಡಿಗೆ ಗಾಳಿಕಿಂಡಿ ಮೇಲ್ಗಡೆ ಇರಲಿ, ಈ ಗ್ಯಾಸು ಗಾಳಿಗಿಂತ ಹಗುರ, ಸೋರಿದರೆ ಮೇಲೇರಿ ತಗಡಿನಡಿ ನಿಲ್ಲುತ್ತದೆ. ಹಳ್ಳಿ ರೂಟಿಗೆ ಸಿಎನ್‌ಜಿ ಬೇಡ.

---

ಪಾನಾ_ಹುಬ್ಬಳ್ಳಿ:

ಡಿಇಎಫ್ ಬಗ್ಗೆ ಒಂದು ಮಾತು ಬಿಟ್ಟಿದ್ದೆ, ಅದು ಹೇಳಲಿಲ್ಲಂದ್ರ ಮನಸ್ಸು ಕೇಳೂದಿಲ್ಲ. ಡಿಇಎಫ್ ಅಂದ್ರ ಶೇ. 32.5 ಯೂರಿಯಾ, ಉಳದದ್ದು ಶುದ್ಧ ಮಾಡಿದ ನೀರು. ಹಂಗಂತ ಗೊಬ್ಬರದ ಅಂಗಡಿಯ ಯೂರಿಯಾ ಬೋರಿನ ನೀರಾಗ ಕಲಸಿ ಹಾಕೂ ಮಂದಿ ಅದಾರ. 2015ರಿಂದ ನಮ್ಮ ದೇಶದ ಗೊಬ್ಬರದ ಯೂರಿಯಾಕ್ಕ ಬೇವಿನ ಎಣ್ಣಿ ಹಚ್ಚಿರತಾರ. ಆ ಎಣ್ಣಿ, ಬೋರ್ ನೀರಿನ ಸುಣ್ಣ, ಎರಡೂ ಕೂಡಿ ಡೋಸಿಂಗ್ ನಾಜಲ್ ಕಟ್ಟತಾವ, ಎಸ್‌ಸಿಆರ್ ಕಾಯಮ್ ಹಾಳಾಗತೈತಿ. ಸೀಲ್ ಇದ್ದ ಕ್ಯಾನ್ ತಗೋರಿ, ತಾರೀಖು ನೋಡ್ರಿ. ಬಿಸಿಲಿಗೆ ಇಡಬ್ಯಾಡ್ರಿ, 30 ಡಿಗ್ರಿ ದಾಟಿದಲ್ಲಿ ಇಟ್ರ ಬಾಳಿಕಿ ಕಡಿಮಿ ಆಗತೈತಿ. ತಗಡಿನ ಡಬ್ಬಿ, ತಾಮ್ರದ ಕೊಳವಿ ಮುಟ್ಟಿಸಬಾರದು, ಪ್ಲಾಸ್ಟಿಕ್ ಲಾಳಿಕಿ ಬ್ಯಾರೆ ಇಡ್ರಿ. ತಪ್ಪಿ ಡೀಸೆಲ್ ಟ್ಯಾಂಕಿಗೆ ಹಾಕಿದ್ರ ಕೀ ತಿರುವಬ್ಯಾಡ್ರಿ, ಟ್ಯಾಂಕ್ ಪೂರಾ ಇಳಿಸಿ ತೊಳಿಸಬೇಕು. ಕೀ ತಿರುವಿದ್ರ ಇಂಜೆಕ್ಟರ್ ತನಕ ಹೋಗತೈತಿ.

ಏಪ್ರಿಲ್-ಮೇ ರಜೆಯೊಳಗ ಗಾಡಿ ಹಂಗ ಬಿಟ್ಟು ಹೋಗಬ್ಯಾಡ್ರಿ. ಡೀಸೆಲ್ ಟ್ಯಾಂಕ್ ತುಂಬಿಸಿಡ್ರಿ, ಖಾಲಿ ಜಾಗಾದಾಗ ತೇವ ಹಿಡದು ನೀರಾಗತೈತಿ. ಬ್ಯಾಟರಿ ಐಸೊಲೇಟರ್ (ಸಂಪರ್ಕ ಕಡಿಯೂ ಸ್ವಿಚ್) ತಗೀರಿ, ಆದ್ರ ಕೀ ತಗದ ಮ್ಯಾಲ ಡಿಇಎಫ್ ಪಂಪು ಪೈಪಿನ ನೀರು ವಾಪಸ್ ಎಳಕೊಳ್ಳತೈತಿ, ಅದು ಮುಗಿಯೂ ತನಕ ಒಂದೆರಡು ನಿಮಿಷ ತಡದು ತಗೀರಿ. ಗಡಿಬಿಡಿ ಮಾಡಿದ್ರ ಒಳಗ ಉಪ್ಪುಗಟ್ಟತೈತಿ. ಹದಿನೈದು ದಿನಕ್ಕೊಮ್ಮೆ 20 ಕಿ.ಮೀ. ಓಡಸ್ರಿ, ನಿಂತಲ್ಲೆ ಐದು ನಿಮಿಷ ಚಾಲೂ ಮಾಡಿ ಬಂದ್ ಮಾಡೂದು ಮಸಿಗೆ ದಾರಿ. ಟೈರು ಶಾಲಾ ಬಸ್ಸಿನ್ಯಾಗ ಸವೆಯೂದಕ್ಕಿಂತ ಮದ್ಲ ಮುದಿ ಆಗತಾವ, ಮ್ಯಾಲಿನ ಗುಂಡಿ (ಟ್ರೆಡ್) ಚಲೋ ಕಂಡ್ರೂ ಬಾಜು ಗೋಡಿ ಸೀಳಿರತೈತಿ. ಗೋಡಿ ಮ್ಯಾಲ ಟೈರು ತಯಾರಾದ ಹೊತ್ತು ತಿಳಿಸೂ ನಾಕು ಅಂಕಿ ನೋಡ್ರಿ, ಮದ್ಲಿನ ಎರಡು ವಾರ, ಹಿಂದಿನ ಎರಡು ವರ್ಷ.

---

ಮೀಟರ್‌ಮನೆ:

ವಿದ್ಯುತ್ ಬಸ್ಸಾದರೆ ರಜೆಗೆ ಪೂರ್ತಿ ತುಂಬಿಸಿ ಇಡಬೇಡಿ, ಪೂರ್ತಿ ಇಳಿಸಿಯೂ ಇಡಬೇಡಿ. ಅರ್ಧದ ಆಸುಪಾಸು ಇರಲಿ, ನೆರಳಿನಲ್ಲಿ ನಿಲ್ಲಿಸಿ, ತಿಂಗಳಿಗೊಮ್ಮೆ ಮಟ್ಟ ನೋಡಿ. ಅದರ 24 ವೋಲ್ಟಿನ ಸಣ್ಣ ಬ್ಯಾಟರಿ ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಗಾಡಿ ಏಳುವುದಿಲ್ಲ.

ನಿಮ್ಮ ಪ್ರಶ್ನೆಗೆ ನೇರವಾಗಿ: ಹಳ್ಳಿ ರೂಟಿಗೆ 32 ಸೀಟಿನ ಡೀಸೆಲ್ ಈಗಲೇ ಬುಕ್ ಮಾಡಿ. ಊರಿನ ರೂಟಿಗೆ ಹೆಸ್ಕಾಂನಿಂದ ಲೋಡಿನ ಉತ್ತರ ಬರುವ ತನಕ ಮುಂಗಡ ಕೊಡಬೇಡಿ. ಲೋಡ್ ಸಿಕ್ಕು, ಮಧ್ಯಾಹ್ನಕ್ಕೆ ಇನ್ನೊಂದು ಟ್ರಿಪ್ ಕೂಡಿದರೆ ವಿದ್ಯುತ್, ಇಲ್ಲವಾದರೆ ಸಿಎನ್‌ಜಿ.

---

ಶಾಲಾಗಾಡಿ_ಧಾರವಾಡ:

ಆತ್ರಿ. ನಾಳೆ ಹೆಸ್ಕಾಂ ಆಫೀಸಿಗೆ ಅರ್ಜಿ ಕೊಡತೇವಿ. ರೂಟಿನ ಮ್ಯಾಲಿನ ಸಿಎನ್‌ಜಿ ಪಂಪಿಗೆ ಸಂಜಿ ನಾಕಕ್ಕ ಹೋಗಿ ಮೀಟರಿನ್ಯಾಗ ಎಷ್ಟು ಬಾರ್ ತೋರಸತೈತಿ ನೋಡಿ ಇಲ್ಲೇ ಹಾಕತೇನಿ.